ಗುಡುಗು-ಸಿಡಿಲು ಸಹಿತ ಮಳೆ ಮತ್ತು ದಿಢೀರ್ ಪ್ರವಾಹ: ಮುನ್ಸೂಚನೆಯ ಅರ್ಥ, ಮುನ್ನೆಚ್ಚರಿಕೆ ಹಾಗೂ ಪರಿಹಾರಕ್ಕೆ ಅರ್ಜಿ

ಪೀಠಿಕೆ

ಕರ್ನಾಟಕ ರಾಜ್ಯದಲ್ಲಿ ಪ್ರತಿ ವರ್ಷ ಮಾರ್ಚ್‌ನಿಂದ ಮೇ ತಿಂಗಳ ಅಂತ್ಯದವರೆಗೆ, ಮತ್ತೊಮ್ಮೆ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಗುಡುಗು-ಸಿಡಿಲಿನಿಂದ ಕೂಡಿದ ಮಳೆಯಾಗುವುದು ವಾಡಿಕೆ. ಈ ಮಳೆಯಿಂದ ಕೆರೆಕಟ್ಟೆಗಳಿಗೆ ನೀರು, ಕಾಫಿ ಗಿಡಕ್ಕೆ ಹೂವು, ಮುಂಗಾರು ಬಿತ್ತನೆಗೆ ಹದ ದೊರೆಯುತ್ತದೆ. ಇದೇ ಮಳೆಯು ಸಿಡಿಲು, ಬಿರುಗಾಳಿ, ಆಲಿಕಲ್ಲು ಮತ್ತು ದಿಢೀರ್ ಪ್ರವಾಹದ ರೂಪದಲ್ಲಿ ಪ್ರಾಣಹಾನಿಗೂ ಕಾರಣವಾಗುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರದಿಯಂತೆ 2022ರಲ್ಲಿ ದೇಶದಾದ್ಯಂತ ಸಿಡಿಲಿನಿಂದ ಮೃತಪಟ್ಟವರ ಸಂಖ್ಯೆ 2,887. ಪ್ರಕೃತಿ ವಿಕೋಪಗಳಿಂದ ಆ ವರ್ಷ ಸಂಭವಿಸಿದ ಒಟ್ಟು ಮರಣಗಳಲ್ಲಿ ಇದು ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಪ್ರವಾಹ, ಚಂಡಮಾರುತಗಳು ಪತ್ರಿಕೆಗಳ ಮುಖಪುಟದಲ್ಲಿ ಬರುತ್ತವೆ. ಸಿಡಿಲಿನ ಸಾವು ಒಂದು ಹೊಲದಲ್ಲಿ ಒಬ್ಬರಂತೆ, ಇಬ್ಬರಂತೆ ಸಂಭವಿಸುವುದರಿಂದ ಸಾರ್ವಜನಿಕರ ಗಮನಕ್ಕೆ ಅಷ್ಟಾಗಿ ಬರುವುದಿಲ್ಲ.

ಹವಾಮಾನ ಮುನ್ಸೂಚನೆಯನ್ನು ಸರಿಯಾಗಿ ಅರ್ಥ ಮಾಡಿಕೊಳ್ಳುವ ಬಗೆ, ಅಪಾಯದ ಸಮಯದಲ್ಲಿ ಅನುಸರಿಸಬೇಕಾದ ಕ್ರಮ ಮತ್ತು ಹಾನಿಯಾದ ಪಕ್ಷದಲ್ಲಿ ಪರಿಹಾರಕ್ಕೆ ಅರ್ಜಿ ಸಲ್ಲಿಸುವ ವಿಧಾನವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಗುಡುಗು ಮಳೆಯ ಕಾರಣ

ಬೇಸಿಗೆಯಲ್ಲಿ ಒಳನಾಡಿನ ನೆಲವು ಮಧ್ಯಾಹ್ನದ ವೇಳೆಗೆ ವಿಪರೀತವಾಗಿ ಕಾಯುತ್ತದೆ. ಕಾದ ನೆಲಕ್ಕೆ ತಾಗಿದ ಗಾಳಿ ಹಗುರವಾಗಿ ಮೇಲೇರುತ್ತದೆ. ಗಾಳಿ ಮೇಲೇರಿದ ಮಾತ್ರಕ್ಕೆ ಮಳೆಯಾಗುವುದಿಲ್ಲ. ಅದರಲ್ಲಿ ತೇವಾಂಶವೂ ಇರಬೇಕು. ವಿದರ್ಭ ಅಥವಾ ಮರಾಠವಾಡದ ಕಡೆಯಿಂದ ಕರ್ನಾಟಕದ ಒಳನಾಡಿನ ಮೂಲಕ ತಮಿಳುನಾಡಿನವರೆಗೆ ಉತ್ತರ-ದಕ್ಷಿಣವಾಗಿ ಚಾಚಿಕೊಳ್ಳುವ ಕಡಿಮೆ ಒತ್ತಡದ ಪಟ್ಟಿಯೊಂದು ಈ ಅವಧಿಯಲ್ಲಿ ಆಗಾಗ್ಗೆ ಉಂಟಾಗುತ್ತದೆ. ಇದರ ಪರಿಣಾಮವಾಗಿ ಅರಬ್ಬೀ ಸಮುದ್ರ ಮತ್ತು ಬಂಗಾಳ ಕೊಲ್ಲಿಯ ತೇವಭರಿತ ಗಾಳಿ ಒಳನಾಡಿನ ಕಡೆಗೆ ಹರಿದು ಬಂದು ಸಂಧಿಸುತ್ತದೆ. ಪತ್ರಿಕೆಗಳಲ್ಲಿ ‘ಟ್ರಫ್’ ಎಂದು ಪ್ರಕಟವಾಗುವುದು ಇದನ್ನೇ. ಈ ಪಟ್ಟಿ ಇರುವ ದಿನಗಳಲ್ಲಿ ಮಧ್ಯಾಹ್ನದ ನಂತರ ಒಳನಾಡಿನ ಜಿಲ್ಲೆಗಳಲ್ಲಿ ಮೋಡ ಕಟ್ಟುವ ಸಾಧ್ಯತೆ ಹೆಚ್ಚು.

ಹೀಗೆ ಮೇಲೆದ್ದ ಮೋಡವು ಒಂದು ಗಂಟೆಯ ಆಸುಪಾಸಿನಲ್ಲಿಯೇ 12 ಕಿ.ಮೀ.ಗೂ ಮೀರಿ, ಅಂದರೆ ಎವರೆಸ್ಟ್ ಶಿಖರಕ್ಕಿಂತ ಎತ್ತರಕ್ಕೆ ಬೆಳೆಯಬಲ್ಲದು. ಇದನ್ನು ಕ್ಯುಮುಲೊನಿಂಬಸ್ ಮೋಡವೆಂದು ಕರೆಯುತ್ತಾರೆ. ನೆಲದಿಂದ ಸುಮಾರು 5 ಕಿ.ಮೀ. ಎತ್ತರದ ನಂತರ ಉಷ್ಣಾಂಶ ಶೂನ್ಯಕ್ಕಿಂತ ಕೆಳಗಿರುತ್ತದೆ. ಅಲ್ಲಿ ಮಂಜಿನ ಹರಳುಗಳೂ ಮೆದು ಆಲಿಕಲ್ಲಿನ ಕಣಗಳೂ ಪರಸ್ಪರ ಉಜ್ಜಿ, ಮೋಡದ ಮೇಲ್ಭಾಗದಲ್ಲಿ ಧನ ವಿದ್ಯುದಂಶವೂ ಕೆಳಭಾಗದಲ್ಲಿ ಋಣ ವಿದ್ಯುದಂಶವೂ ಶೇಖರವಾಗುತ್ತವೆ. ಈ ವಿದ್ಯುತ್ತು ನೆಲದ ಕಡೆಗೆ ಹರಿದಾಗ ಸಿಡಿಲು ಬಡಿಯುತ್ತದೆ. ಸಿಡಿಲು ಹಾಯ್ದ ಹಾದಿಯ ಗಾಳಿ ಕ್ಷಣಾರ್ಧದಲ್ಲಿ ಸುಮಾರು 30,000 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದು ಹಿಗ್ಗುವುದರಿಂದ ಉಂಟಾಗುವ ಸದ್ದೇ ಗುಡುಗು.

ಮೋಡವು ಕುಸಿಯುವ ಹಂತದಲ್ಲಿ ತಣ್ಣನೆಯ ಗಾಳಿ ಮಳೆಯೊಂದಿಗೆ ನೆಲಕ್ಕೆ ರಭಸವಾಗಿ ಇಳಿದು ನಾಲ್ಕೂ ದಿಕ್ಕಿಗೆ ಹರಡುತ್ತದೆ. ಮಳೆಗೆ ಮುನ್ನ ಬೀಸುವ ತಂಪಾದ, ಧೂಳಿನ ಗಾಳಿ ಇದೇ. ಮರ ಮತ್ತು ವಿದ್ಯುತ್ ಕಂಬಗಳನ್ನು ಉರುಳಿಸುವುದು, ಶೀಟಿನ ಛಾವಣಿ ಹಾರಿಸುವುದು, ಬಾಳೆ ತೋಟವನ್ನು ನೆಲಕಚ್ಚಿಸುವುದು ಬಹುಮಟ್ಟಿಗೆ ಈ ಗಾಳಿಯೇ ಹೊರತು ಮಳೆಯಲ್ಲ. ಗಾಳಿ ತಣ್ಣಗೆ ಬೀಸತೊಡಗಿದರೆ ಮೋಡ ಸಮೀಪಕ್ಕೆ ಬಂದಿದೆಯೆಂದು ತಿಳಿದು ಕೂಡಲೇ ಆಸರೆ ಪಡೆಯುವುದು ಒಳಿತು.

ಮುನ್ಸೂಚನೆಯನ್ನು ಓದುವ ಬಗೆ

ರಾಜ್ಯದ ಹವಾಮಾನ ಮುನ್ಸೂಚನೆಯನ್ನು ಭಾರತ ಹವಾಮಾನ ಇಲಾಖೆಯ ಬೆಂಗಳೂರು ಕೇಂದ್ರವು ಹೊರಡಿಸುತ್ತದೆ. ಮುನ್ಸೂಚನೆಯ ಉದ್ದೇಶಕ್ಕಾಗಿ ರಾಜ್ಯವನ್ನು ಕರಾವಳಿ, ಉತ್ತರ ಒಳನಾಡು ಮತ್ತು ದಕ್ಷಿಣ ಒಳನಾಡು ಎಂದು ಮೂರು ಉಪವಿಭಾಗಗಳಾಗಿ ವಿಂಗಡಿಸಲಾಗಿದ್ದು, ಜಿಲ್ಲಾವಾರು ಎಚ್ಚರಿಕೆಯನ್ನೂ ನೀಡಲಾಗುತ್ತದೆ. ಇದರೊಂದಿಗೆ 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಆರಂಭವಾದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಹೋಬಳಿ ಹಾಗೂ ಗ್ರಾಮ ಪಂಚಾಯಿತಿ ಮಟ್ಟದ ಟೆಲಿಮೆಟ್ರಿಕ್ ಮಾಪಕಗಳ ಮೂಲಕ ಮಳೆಯ ವಿವರವನ್ನು ಸಂಗ್ರಹಿಸುತ್ತದೆ.

ಮುನ್ಸೂಚನೆಯ ಭಾಷೆಯಲ್ಲಿ ಪ್ರತಿಯೊಂದು ಪದಕ್ಕೂ ನಿಗದಿತ ಅರ್ಥವಿದೆ. ಇದನ್ನು ತಿಳಿಯದಿರುವುದರಿಂದಲೇ ‘ಹವಾಮಾನ ಇಲಾಖೆ ಹೇಳಿದ್ದು ಆಗುವುದಿಲ್ಲ’ ಎಂಬ ಮಾತು ಬಳಕೆಗೆ ಬಂದಿದೆ. 24 ಗಂಟೆಗಳಲ್ಲಿ 64.5 ಮಿ.ಮೀ.ನಿಂದ 115.5 ಮಿ.ಮೀ.ವರೆಗೆ ಮಳೆಯಾದರೆ ‘ಭಾರಿ ಮಳೆ’, 115.6 ಮಿ.ಮೀ.ನಿಂದ 204.4 ಮಿ.ಮೀ.ವರೆಗೆ ‘ಅತಿ ಭಾರಿ ಮಳೆ’. ಅದಕ್ಕೂ ಮೀರಿದರೆ ‘ಅತ್ಯಂತ ಭಾರಿ ಮಳೆ’. ಒಂದು ಗಂಟೆಯಲ್ಲಿ 100 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಮಳೆ ಒಂದು ಸಣ್ಣ ಪ್ರದೇಶದ ಮೇಲೆ ಸುರಿದರೆ ಮಾತ್ರ ‘ಮೇಘಸ್ಫೋಟ’ ಎನ್ನಲಾಗುತ್ತದೆ. ಜೋರು ಮಳೆಯನ್ನೆಲ್ಲ ಮೇಘಸ್ಫೋಟವೆಂದು ಕರೆಯುವುದು ಸರಿಯಲ್ಲ.

ಮಳೆ ಎಷ್ಟು ಕಡೆ ಬೀಳಲಿದೆ ಎಂಬುದನ್ನು ತಿಳಿಸಲು ಬೇರೆಯೇ ಪದಗಳಿವೆ. ‘ಒಂದೆರಡು ಕಡೆ’ ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳ ಪೈಕಿ ಶೇ. 25ರವರೆಗೆ, ‘ಕೆಲವು ಕಡೆ’ ಎಂದರೆ ಶೇ. 26ರಿಂದ 50, ‘ಹಲವು ಕಡೆ’ ಎಂದರೆ ಶೇ. 51ರಿಂದ 75, ‘ಬಹುತೇಕ ಎಲ್ಲ ಕಡೆ’ ಎಂದರೆ ಅದಕ್ಕೂ ಹೆಚ್ಚು. ಬೇಸಿಗೆಯ ಗುಡುಗು ಮಳೆಗೆ ಸಾಮಾನ್ಯವಾಗಿ ‘ಒಂದೆರಡು ಕಡೆ’ ಎಂದೇ ಇರುತ್ತದೆ. ಆದ್ದರಿಂದ ಒಂದು ತಾಲ್ಲೂಕಿನ ನಾಲ್ಕು ಗ್ರಾಮಗಳಲ್ಲಿ ಮೂರು ಒಣಗಿದ್ದು, ನಾಲ್ಕನೆಯದರಲ್ಲಿ ಹಳ್ಳ ತುಂಬಿ ಹರಿದರೂ ಮುನ್ಸೂಚನೆ ನಿಜವಾದಂತೆಯೇ. ‘ಒಂದೆರಡು ಕಡೆ’ ಎಂಬುದು ಮಳೆ ಕಡಿಮೆ ಎಂಬ ಅರ್ಥವನ್ನು ಕೊಡುವುದಿಲ್ಲ. ಮಳೆ ಬೀಳುವ ಜಾಗಗಳು ಕಡಿಮೆ ಎಂಬ ಅರ್ಥವನ್ನಷ್ಟೇ ಕೊಡುತ್ತದೆ. ಯಾವ ಗ್ರಾಮದ ಮೇಲೆ ಮೋಡ ಸುರಿಯಲಿದೆ ಎಂಬುದನ್ನು ಒಂದು ದಿನ ಮುಂಚಿತವಾಗಿ ಹೇಳುವುದು ಕಷ್ಟಸಾಧ್ಯ.

ಈ ಕೊರತೆಯನ್ನು ತುಂಬುವ ಸಲುವಾಗಿ ಮುಂದಿನ 3 ಗಂಟೆಗಳಿಗೆ ಮಾತ್ರ ಅನ್ವಯವಾಗುವ ತಕ್ಷಣದ ಮುನ್ಸೂಚನೆಯನ್ನು ಹೊರಡಿಸಲಾಗುತ್ತದೆ. ರೇಡಾರ್, ಉಪಗ್ರಹ ಚಿತ್ರ ಮತ್ತು ಸಿಡಿಲು ಪತ್ತೆ ಜಾಲದ ಆಧಾರದ ಮೇಲೆ, ಈಗಾಗಲೇ ಕಟ್ಟಿರುವ ಮೋಡದ ಚಲನೆಯನ್ನು ನೋಡಿ ಇದನ್ನು ಸಿದ್ಧಪಡಿಸುವುದರಿಂದ ಇದು ಹೆಚ್ಚು ನಿಖರ. ಇದರಲ್ಲಿ ಗಾಳಿಯ ವೇಗ ಗಂಟೆಗೆ 41ರಿಂದ 61 ಕಿ.ಮೀ. ಇರುವುದನ್ನು ಸಾಧಾರಣ ಗುಡುಗು ಮಳೆ, 62ರಿಂದ 87 ಕಿ.ಮೀ. ಇರುವುದನ್ನು ತೀವ್ರ ಗುಡುಗು ಮಳೆ, ಅದಕ್ಕೂ ಮೀರಿದ್ದನ್ನು ಅತಿ ತೀವ್ರವೆಂದು ವರ್ಗೀಕರಿಸಲಾಗಿದೆ. ಬೆಳಿಗ್ಗೆಯ ಮುನ್ಸೂಚನೆಯಲ್ಲಿ ಗುಡುಗು ಮಳೆಯ ಉಲ್ಲೇಖವಿದ್ದರೆ, ಹೊಲಕ್ಕೆ ಅಥವಾ ಪ್ರಯಾಣಕ್ಕೆ ಹೊರಡುವ ಮುನ್ನ ಮಧ್ಯಾಹ್ನ ಮತ್ತೊಮ್ಮೆ ಈ 3 ಗಂಟೆಗಳ ಮುನ್ಸೂಚನೆಯನ್ನು ನೋಡಿಕೊಳ್ಳುವುದು ಸೂಕ್ತ.

ಎಚ್ಚರಿಕೆಯ ಬಣ್ಣಗಳು ನಾಲ್ಕು. ಹಸಿರು ಎಂದರೆ ವಿಶೇಷ ಕ್ರಮ ಅಗತ್ಯವಿಲ್ಲ. ಹಳದಿ ಎಂದರೆ ಮಾಹಿತಿಯನ್ನು ಗಮನಿಸುತ್ತಿರಬೇಕು. ಕಿತ್ತಳೆ ಎಂದರೆ ಸಿದ್ಧರಾಗಿರಬೇಕು. ಕೆಂಪು ಎಂದರೆ ಕ್ರಮ ಕೈಗೊಳ್ಳಬೇಕು. ಬಣ್ಣವು ಮಳೆಯ ಪ್ರಮಾಣವನ್ನು ಮಾತ್ರ ಸೂಚಿಸುವುದಿಲ್ಲ. ಘಟನೆಯ ಸಂಭವನೀಯತೆ ಮತ್ತು ಅದರಿಂದಾಗುವ ಪರಿಣಾಮ ಎರಡನ್ನೂ ಪರಿಗಣಿಸಿ ಅದನ್ನು ನಿರ್ಧರಿಸಲಾಗುತ್ತದೆ. ಗುಡುಗು ಮಳೆಗೆ ಹೆಚ್ಚಾಗಿ ಹಳದಿ ಎಚ್ಚರಿಕೆಯೇ ಇರುವುದರಿಂದ ಸಾರ್ವಜನಿಕರು ಅದನ್ನು ಲಘುವಾಗಿ ಪರಿಗಣಿಸುವುದುಂಟು. ಬಯಲಿನಲ್ಲಿ ಕುರಿ ಕಾಯುತ್ತಿರುವವರ ಮಟ್ಟಿಗೆ ಹಳದಿಯೂ ಕೆಂಪಿನಷ್ಟೇ ಗಂಭೀರ. ಸಿಡಿಲು ಬಡಿಯಲು ಭಾರಿ ಮಳೆಯೇ ಆಗಬೇಕೆಂದಿಲ್ಲ.

ಅರ್ಜಿದಾರರು ಗಮನಿಸಬೇಕಾದ ಮತ್ತೊಂದು ಅಂಶವಿದೆ. ಹವಾಮಾನ ಇಲಾಖೆಯ ಮಳೆ ದಿನವು ಬೆಳಿಗ್ಗೆ 8.30ಕ್ಕೆ ಕೊನೆಗೊಳ್ಳುತ್ತದೆ. 18ನೇ ತಾರೀಖಿನ ಸಂಜೆ ಸುರಿದ ಮಳೆಯು 19ನೇ ತಾರೀಖಿನ ಬೆಳಿಗ್ಗೆ ಅಳತೆಯಾಗಿ, ದಾಖಲೆಯಲ್ಲಿ 19ರ ಮಳೆಯೆಂದು ನಮೂದಾಗುತ್ತದೆ. ಮನೆ ಕುಸಿದದ್ದು 18ರಂದು, ಮಳೆ ವರದಿಯಲ್ಲಿ 18ರ ಎದುರು ಸೊನ್ನೆ ಎಂಬ ಗೊಂದಲ ಇದರಿಂದಲೇ ಉಂಟಾಗುವುದು. ಅರ್ಜಿಯಲ್ಲಿ ಘಟನೆಯ ದಿನಾಂಕದೊಂದಿಗೆ ಸಮಯವನ್ನೂ ಬರೆದಲ್ಲಿ ಈ ಗೊಂದಲಕ್ಕೆ ಆಸ್ಪದವಿರುವುದಿಲ್ಲ.

ದಿಢೀರ್ ಪ್ರವಾಹ: ಎಲ್ಲಿ, ಹೇಗೆ

ಪ್ರವಾಹಗಳೆಲ್ಲ ಒಂದೇ ಬಗೆಯವಲ್ಲ. ಮಹಾರಾಷ್ಟ್ರದ ಘಟ್ಟ ಪ್ರದೇಶದಲ್ಲಿ ಮಳೆಯಾಗಿ, ಅಲ್ಲಿನ ಜಲಾಶಯಗಳಿಂದ ನೀರು ಬಿಟ್ಟು, ಕೃಷ್ಣಾ ನದಿಯು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಉಕ್ಕುವ ವೇಳೆಗೆ ನದಿ ತೀರದ ಗ್ರಾಮಗಳನ್ನು ತೆರವುಗೊಳಿಸಲು ಸಾಕಷ್ಟು ಕಾಲಾವಕಾಶ ದೊರೆಯುತ್ತದೆ. ದಿಢೀರ್ ಪ್ರವಾಹವು ಹಾಗಲ್ಲ. ಮಳೆ ಆರಂಭವಾದ 6 ಗಂಟೆಗಳ ಒಳಗೆ, ಕೆಲವೊಮ್ಮೆ ಅರ್ಧ ಗಂಟೆಯಲ್ಲಿಯೇ ನೀರು ಏರುತ್ತದೆ. ಹವಾಮಾನ ಇಲಾಖೆಯು 2020ರಿಂದ ದಕ್ಷಿಣ ಏಷ್ಯಾ ವ್ಯಾಪ್ತಿಯ ದಿಢೀರ್ ಪ್ರವಾಹ ಮಾರ್ಗದರ್ಶಿ ವ್ಯವಸ್ಥೆಯ ಮೂಲಕ, ಮುಂದಿನ 6 ಗಂಟೆಗಳ ಬೆದರಿಕೆ ಮತ್ತು 24 ಗಂಟೆಗಳ ಸಂಭವವನ್ನು ಜಲಾನಯನ ಪ್ರದೇಶವಾರು ಪ್ರಕಟಿಸುತ್ತಿದೆ. ನೆಲ ಈಗಾಗಲೇ ಎಷ್ಟು ನೆನೆದಿದೆ ಎಂಬುದು ಈ ಲೆಕ್ಕದ ಮುಖ್ಯ ಭಾಗ. ನಾಲ್ಕು ದಿನ ಮಳೆ ಕಂಡ ನೆಲದ ಮೇಲೆ ಬೀಳುವ 50 ಮಿ.ಮೀ. ಮಳೆಯು, ಒಣ ನೆಲದ ಮೇಲೆ ಬೀಳುವ 100 ಮಿ.ಮೀ. ಮಳೆಗಿಂತ ಹೆಚ್ಚು ಅಪಾಯ ಉಂಟುಮಾಡಬಹುದು.

ಉತ್ತರ ಒಳನಾಡಿನಲ್ಲಿ ನದಿಗಳಿಗಿಂತ ಹಳ್ಳಗಳು ಹೆಚ್ಚು ಅಪಾಯಕಾರಿ. ಧಾರವಾಡ ಮತ್ತು ಗದಗ ಜಿಲ್ಲೆಗಳ ಬೆಣ್ಣೆಹಳ್ಳ, ತುಪ್ಪರಿಹಳ್ಳ ಹಾಗೂ ವಿಜಯಪುರ ಜಿಲ್ಲೆಯ ಡೋಣಿ ನದಿ ಇದಕ್ಕೆ ನಿದರ್ಶನ. ಬೇಸಿಗೆಯಲ್ಲಿ ಇವುಗಳಲ್ಲಿ ನೀರಿನ ಹರಿವು ಅತ್ಯಲ್ಪ. ಈ ಭಾಗದ ಎರೆಮಣ್ಣು ಒಣಗಿದಾಗ ಬಿರುಕು ಬಿಟ್ಟು ಮೊದಲ ಮಳೆಯನ್ನು ಹೀರಿಕೊಳ್ಳುತ್ತದೆ. ಒಮ್ಮೆ ನೆನೆದು ಉಬ್ಬಿದ ನಂತರ ಬಿರುಕುಗಳು ಮುಚ್ಚಿ, ನೀರು ಇಂಗದೆ ಮೇಲೆಯೇ ಹರಿಯುತ್ತದೆ. ಎತ್ತರದ ದಂಡೆಗಳಿಲ್ಲದ ಹಳ್ಳದ ನೀರು ಅಕ್ಕಪಕ್ಕದ ಹೊಲಗಳಿಗೆ ನುಗ್ಗುತ್ತದೆ. 2009ರ ಸೆಪ್ಟೆಂಬರ್ ಕೊನೆಯ ವಾರ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ, ಬರಪೀಡಿತವೆಂದೇ ಹೆಸರಾದ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಸುರಿದ ಮಳೆಗೆ 200ಕ್ಕೂ ಹೆಚ್ಚು ಜನ ಮೃತಪಟ್ಟರು. ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆಯ ಮನೆಗಳು ನೆನೆದು ಕುಸಿದದ್ದು ಅಂದಿನ ಹಾನಿಯ ದೊಡ್ಡ ಭಾಗ. ಮಣ್ಣಿನ ಮಾಳಿಗೆಯು ಕಡಿಮೆ ಮಳೆಯ ಸೀಮೆಗೆ ತಕ್ಕುದಾದ, ಬೇಸಿಗೆಯಲ್ಲಿ ತಂಪಾದ ಕಟ್ಟಡ. ಮೂರು ದಿನ ಬಿಡದೆ ಸುರಿಯುವ ಮಳೆಯನ್ನು ತಾಳಿಕೊಳ್ಳಲು ಕಟ್ಟಿದ್ದಲ್ಲ. ಇಂಥ ಮನೆಗಳಲ್ಲಿ ವಾಸಿಸುವವರು ಸತತ ಮಳೆಯ ಸಂದರ್ಭದಲ್ಲಿ ರಾತ್ರಿ ವೇಳೆ ಶಾಲೆ, ಸಮುದಾಯ ಭವನ ಅಥವಾ ಕಾಳಜಿ ಕೇಂದ್ರದಲ್ಲಿ ತಂಗುವುದು ಅಗತ್ಯ.

ಕರಾವಳಿ ಮತ್ತು ಮಲೆನಾಡಿನಲ್ಲಿ ನದಿಗಳು ಮೋಟು. ಘಟ್ಟದಿಂದ ಸಮುದ್ರಕ್ಕೆ ಇಳಿಯುವ ಹಾದಿ ಕಡಿದು. ಘಟ್ಟದ ಮೇಲೆ ಬೆಳಿಗ್ಗೆ ಸುರಿದದ್ದು ಅಂದೇ ಕೆಳಗಿನ ಊರುಗಳನ್ನು ಮುಟ್ಟುತ್ತದೆ. ನದಿಯ ಮುಖದಲ್ಲಿ ಸಮುದ್ರ ಉಬ್ಬರದಲ್ಲಿದ್ದರೆ ನೀರು ಹೊರ ಹೋಗಲಾರದೆ ಹಿಂದಕ್ಕೆ ತುಂಬಿಕೊಳ್ಳುತ್ತದೆ. 2022ರ ಆಗಸ್ಟ್ ಮೊದಲ ದಿನಗಳಲ್ಲಿ ಭಟ್ಕಳದಲ್ಲಿ ಒಂದೇ ರಾತ್ರಿಯ ಮಳೆಗೆ ಪಟ್ಟಣ ಜಲಾವೃತವಾಯಿತು; ಅದೇ ವೇಳೆ ಭಟ್ಕಳ ತಾಲ್ಲೂಕಿನಲ್ಲಿಯೂ ಸುಬ್ರಹ್ಮಣ್ಯದಲ್ಲಿಯೂ ಮನೆಗಳ ಮೇಲೆ ಗುಡ್ಡ ಜರಿದು ಜೀವಹಾನಿಯಾಯಿತು. ಗುಡ್ಡದ ಬುಡದ ಮನೆಗಳಿಗೆ ದಿಢೀರ್ ಪ್ರವಾಹ ಮತ್ತು ಭೂಕುಸಿತ ಜೊತೆಯಾಗಿಯೇ ಬರುತ್ತವೆ. ತಿಳಿಯಾಗಿ ಹರಿಯುತ್ತಿದ್ದ ತೋಡು ಏಕಾಏಕಿ ಕೆಂಪಾಗುವುದು, ಜೋರು ಮಳೆಯಲ್ಲಿಯೂ ತೋಡಿನ ನೀರು ಕಡಿಮೆಯಾಗುವುದು, ನೆಲದಲ್ಲಿ ಹೊಸ ಬಿರುಕು ಅಥವಾ ಹೊಸ ಒರತೆ ಕಾಣಿಸುವುದು, ಮರಗಳು ವಾಲುವುದು ಇವು ಮೇಲ್ಭಾಗದಲ್ಲಿ ಮಣ್ಣು ಸಡಿಲವಾಗಿರುವ ಲಕ್ಷಣಗಳು. ಇವುಗಳನ್ನು ಕಂಡ ಕೂಡಲೇ ಮನೆ ತೊರೆಯಬೇಕು. ಸಾಮಾನು ಕಟ್ಟಿಕೊಳ್ಳಲು ತಡಮಾಡಬಾರದು. ಜಲಪಾತ ಮತ್ತು ಹೊಳೆಗಳಲ್ಲಿ ಸ್ನಾನಕ್ಕಿಳಿಯುವ ಪ್ರವಾಸಿಗರು, ತಮ್ಮ ತಲೆಯ ಮೇಲೆ ಬಿಸಿಲಿದ್ದರೂ ಮೇಲಿನ ಕಾಡಿನಲ್ಲಿ ಮಳೆಯಾಗಿರಬಹುದು ಎಂಬುದನ್ನು ಮರೆಯಬಾರದು.

ಬೆಂಗಳೂರು ನಗರದ ವಿಷಯ ಬೇರೆ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ನದಿಯಿಲ್ಲದ ದಿಣ್ಣೆಯ ಮೇಲಿರುವ ಊರಿನಲ್ಲಿ ಪ್ರವಾಹವೇ ಎಂದು ಹೊರಗಿನವರು ಕೇಳುವುದುಂಟು. ದಿಣ್ಣೆಯ ಪಶ್ಚಿಮದ ನೀರು ವೃಷಭಾವತಿಯ ಮೂಲಕ ಅರ್ಕಾವತಿ, ಕಾವೇರಿಯ ಕಡೆಗೂ, ಪೂರ್ವದ ನೀರು ಹೆಬ್ಬಾಳ ಮತ್ತು ಕೋರಮಂಗಲ-ಚಲ್ಲಘಟ್ಟ ಕಣಿವೆಗಳ ಮೂಲಕ ದಕ್ಷಿಣ ಪಿನಾಕಿನಿಯ ಕಡೆಗೂ ಹರಿಯಬೇಕು. ಈ ಹರಿವಿಗಾಗಿಯೇ ಕೆರೆಯಿಂದ ಕೆರೆಗೆ ರಾಜಕಾಲುವೆಗಳಿದ್ದವು. ಕೆರೆಯಂಗಳ ಬಡಾವಣೆಯಾಗಿ, ಕಾಲುವೆ ಕಿರಿದಾಗಿ, ಮಣ್ಣಿನ ನೆಲ ಕಾಂಕ್ರೀಟಾದ ಮೇಲೆ ಬಿದ್ದ ಮಳೆಯ ಬಹುಪಾಲು ಕೂಡಲೇ ತಗ್ಗಿಗೆ ಧಾವಿಸುತ್ತದೆ. ಒಂದು ಚದರ ಕಿ.ಮೀ. ಪ್ರದೇಶದ ಮೇಲೆ 100 ಮಿ.ಮೀ. ಮಳೆಯಾದರೆ ಆ ನೀರಿನ ಪ್ರಮಾಣ 10 ಕೋಟಿ ಲೀಟರ್. 2022ರ ಸೆಪ್ಟೆಂಬರ್‌ನಲ್ಲಿ ಹೊರ ವರ್ತುಲ ರಸ್ತೆ, ಬೆಳ್ಳಂದೂರು ಸುತ್ತಮುತ್ತಲಿನ ಬಡಾವಣೆಗಳಲ್ಲಿ ಜನರನ್ನು ದೋಣಿ ಮತ್ತು ಟ್ರ್ಯಾಕ್ಟರ್‌ಗಳಲ್ಲಿ ಹೊರತರಬೇಕಾಯಿತು. 2024ರ ಜೂನ್ 2ರಂದು ನಗರದಲ್ಲಿ ದಾಖಲಾದ 111.1 ಮಿ.ಮೀ. ಮಳೆಯು, 1891ರ ಜೂನ್‌ನಲ್ಲಿ ಒಂದು ದಿನ ಬಿದ್ದಿದ್ದ 101.6 ಮಿ.ಮೀ.ನ ದಾಖಲೆಯನ್ನು ಮುರಿಯಿತು. ಅದು ಇಡೀ ಜೂನ್ ತಿಂಗಳ ವಾಡಿಕೆ ಮಳೆಗೆ ಹೆಚ್ಚುಕಡಿಮೆ ಸಮ.

ಅಂಡರ್‌ಪಾಸ್‌ಗಳು ನಗರದ ಅತ್ಯಂತ ಅಪಾಯಕಾರಿ ಸ್ಥಳಗಳು. 2023ರ ಮೇ 21ರ ಮಧ್ಯಾಹ್ನ ಆಲಿಕಲ್ಲು ಸಹಿತ ಮಳೆಯಾದಾಗ ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ನಿಂತ ನೀರಿಗೆ ಇಳಿದ ಕಾರೊಂದು ಮುಳುಗಿ ಯುವತಿಯೊಬ್ಬರು ಮೃತಪಟ್ಟರು. ನಿಂತ ನೀರಿನ ಆಳವು ವಾಹನದ ಒಳಗಿನಿಂದ ತಿಳಿಯುವುದಿಲ್ಲ. ಮುಂದಿನ ವಾಹನ ದಾಟಿತೆಂಬುದು ಹಿಂದಿನ ವಾಹನವೂ ದಾಟುವುದೆಂಬುದಕ್ಕೆ ಆಧಾರವಲ್ಲ.

ಸಿಡಿಲಿನಿಂದ ರಕ್ಷಣೆ

ಮಿಂಚು ಕಂಡ ನಂತರ ಗುಡುಗು ಕೇಳುವವರೆಗೆ ಸೆಕೆಂಡುಗಳನ್ನು ಎಣಿಸಬೇಕು. ಮೂರು ಸೆಕೆಂಡಿಗೆ ಒಂದು ಕಿ.ಮೀ. ದೂರವೆಂದು ಲೆಕ್ಕ. ಎಣಿಕೆ 30 ತಲುಪುವ ಮೊದಲೇ ಗುಡುಗು ಕೇಳಿದರೆ ಸಿಡಿಲು 10 ಕಿ.ಮೀ. ಒಳಗಿದ್ದು, ಮುಂದಿನದು ತಲೆಯ ಮೇಲೆಯೇ ಬಡಿಯಬಹುದು. ಮಳೆ ಇನ್ನೂ ಬಂದಿಲ್ಲವೆಂದು ಕೆಲಸ ಮುಂದುವರಿಸುವುದು ತಪ್ಪು. ಮಳೆ ಬೀಳುತ್ತಿರುವ ಜಾಗದಿಂದ 10 ಕಿ.ಮೀ. ಆಚೆಗೂ ಸಿಡಿಲು ಎರಗುತ್ತದೆ. ಕೊನೆಯ ಗುಡುಗು ಕೇಳಿದ ನಂತರ 30 ನಿಮಿಷ ಕಳೆಯುವವರೆಗೆ ಹೊರಗೆ ಬರಬಾರದು.

ಮರದ ಕೆಳಗೆ ನಿಲ್ಲಬಾರದು. ಸಿಡಿಲಿಗೆ ಬಲಿಯಾಗುವ ರೈತರು, ಕೃಷಿ ಕಾರ್ಮಿಕರು ಮತ್ತು ಕುರಿಗಾಹಿಗಳ ಪೈಕಿ ಅನೇಕರು ಮಳೆಯಿಂದ ತಪ್ಪಿಸಿಕೊಳ್ಳಲು ಬಯಲಿನ ಒಂಟಿ ಮರದ ಕೆಳಗೆ ನಿಂತವರು. ಸಿಡಿಲು ಮರಕ್ಕೆ ಬಡಿದು, ಅಲ್ಲಿಂದ ಪಕ್ಕದಲ್ಲಿರುವವರಿಗೆ ಹಾರುತ್ತದೆ. ಬೇರಿನ ಮೂಲಕ ನೆಲದಲ್ಲಿ ಹರಡಿ ಕಾಲುಗಳ ಮೂಲಕವೂ ದೇಹವನ್ನು ಸೇರುತ್ತದೆ. ಒಂದೇ ಸಿಡಿಲಿಗೆ ಮರದಡಿಯ ಇಡೀ ಕುರಿ ಹಿಂಡು ಸಾಯುವುದು ಈ ಕಾರಣದಿಂದ. ಬಯಲಿನಲ್ಲಿ ಸಿಕ್ಕಿಬಿದ್ದವರು ಎತ್ತರದ ಜಾಗ, ಕೆರೆಯ ನೀರು, ತಂತಿ ಬೇಲಿ ಮತ್ತು ಪಂಪ್‌ಸೆಟ್‌ನಿಂದ ದೂರ ಸರಿದು, ಪರಸ್ಪರ ಅಂತರ ಬಿಟ್ಟು, ಎರಡೂ ಪಾದಗಳನ್ನು ಜೋಡಿಸಿ ಕುಕ್ಕರುಗಾಲಿನಲ್ಲಿ ಕೂರಬೇಕು. ನೆಲದ ಮೇಲೆ ಮಲಗಬಾರದು. ಕುಕ್ಕರುಗಾಲಿನಲ್ಲಿ ಕೂರುವುದು ಬೇರೆ ದಾರಿಯೇ ಇಲ್ಲದಾಗ ಮಾತ್ರ. ಹತ್ತು ನಿಮಿಷದ ನಡಿಗೆಯಲ್ಲಿ ಗಟ್ಟಿ ಕಟ್ಟಡವಿದ್ದರೆ ಮೊದಲ ಗುಡುಗಿಗೇ ಅಲ್ಲಿಗೆ ಹೋಗುವುದು ಸರಿಯಾದ ಕ್ರಮ. ಕಿಟಕಿ ಮುಚ್ಚಿದ, ಲೋಹದ ಛಾವಣಿಯ ಬಸ್ಸು ಮತ್ತು ಕಾರು ಸುರಕ್ಷಿತ. ಆಟೋರಿಕ್ಷಾ, ದ್ವಿಚಕ್ರ ವಾಹನ ಮತ್ತು ತೆರೆದ ಟ್ರ್ಯಾಕ್ಟರ್ ಸುರಕ್ಷಿತವಲ್ಲ.

ಗುಡುಗುವಾಗ ಅರ್ಜುನನ ಹೆಸರುಗಳನ್ನು ಹೇಳಿಕೊಳ್ಳುವ ರೂಢಿ ನಾಡಿನ ಅನೇಕ ಮನೆಗಳಲ್ಲಿದೆ. ಹಾಗೆ ಹೇಳಿಕೊಳ್ಳಲು ಅಡ್ಡಿಯೇನಿಲ್ಲ. ಮನೆಯೊಳಗೆ, ಕಿಟಕಿ ಬಾಗಿಲುಗಳಿಂದ ದೂರವಿದ್ದು ಹೇಳಿಕೊಳ್ಳುವುದು ಕ್ಷೇಮ. ಮೊಬೈಲ್ ಫೋನ್ ಸಿಡಿಲನ್ನು ಸೆಳೆಯುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಚಾರ್ಜಿಗೆ ಹಾಕಿದ ಫೋನ್, ತಂತಿಯುಳ್ಳ ಸ್ಥಿರ ದೂರವಾಣಿ, ಟಿ.ವಿ. ಮತ್ತು ನಲ್ಲಿಯ ನೀರನ್ನು ಮಾತ್ರ ಆ ಸಮಯದಲ್ಲಿ ಬಳಸಬಾರದು. ಸಿಡಿಲಿನ ಮಾಹಿತಿಗಾಗಿ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯು ರೂಪಿಸಿರುವ ‘ದಾಮಿನಿ’ ಮೊಬೈಲ್ ತಂತ್ರಾಂಶವನ್ನು, ಎಲ್ಲ ವಿಕೋಪಗಳ ಎಚ್ಚರಿಕೆಗಾಗಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ತಂತ್ರಾಂಶವನ್ನು ಉಚಿತವಾಗಿ ಪಡೆಯಬಹುದು.

ಸಿಡಿಲು ಬಡಿದವರನ್ನು ಮುಟ್ಟಲು ಹೆದರಬೇಕಾಗಿಲ್ಲ. ಅವರ ದೇಹದಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಉಸಿರು ನಿಂತಿದ್ದರೆ ಎದೆಯ ನಡುಭಾಗವನ್ನು ಎರಡೂ ಅಂಗೈಗಳಿಂದ ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುತ್ತಾ, ಮತ್ತೊಬ್ಬರ ಮೂಲಕ ಆಂಬ್ಯುಲೆನ್ಸ್‌ಗೆ ಕರೆ ಮಾಡಿಸಬೇಕು. ಸತ್ತಂತೆ ಕಂಡವರೂ ಈ ಕ್ರಮದಿಂದ ಬದುಕುಳಿಯುವ ಸಾಧ್ಯತೆ ಇದೆ. ಇದರಲ್ಲಿ ಕಳೆದುಕೊಳ್ಳುವ ಮೊದಲ ಕೆಲವು ನಿಮಿಷಗಳನ್ನು ಯಾವ ಆಸ್ಪತ್ರೆಯೂ ತುಂಬಿಕೊಡಲಾರದು.

ನೀರು ನುಗ್ಗಿದ ಸಂದರ್ಭದಲ್ಲಿ

ಹರಿಯುವ ನೀರು ಮೊಣಕಾಲಿಗಿಂತ ಬಹಳ ಕೆಳಗೆ, ಅಂದರೆ 15 ಸೆಂ.ಮೀ. ಇದ್ದರೂ ವಯಸ್ಕರ ಕಾಲು ತಪ್ಪಿಸಬಲ್ಲದು, 30 ಸೆಂ.ಮೀ. ಇದ್ದರೆ ಸಣ್ಣ ಕಾರನ್ನು, 60 ಸೆಂ.ಮೀ. ಇದ್ದರೆ ಬಹುತೇಕ ವಾಹನಗಳನ್ನು ಕೊಚ್ಚಿಕೊಂಡು ಹೋಗಬಲ್ಲದು. ಆದ್ದರಿಂದ ಮುಳುಗು ಸೇತುವೆಯ ಮೇಲೆ ನೀರು ಹರಿಯುತ್ತಿರುವಾಗ ದಾಟತಕ್ಕದ್ದಲ್ಲ, ಬಸ್ ಚಾಲಕರ ಮೇಲೆ ದಾಟುವಂತೆ ಒತ್ತಡ ಹೇರತಕ್ಕದ್ದಲ್ಲ. ವಾಹನವು ನೀರಿನಲ್ಲಿ ನಿಂತುಹೋದರೆ ಮರು ಚಾಲನೆಗೆ ಪ್ರಯತ್ನಿಸದೆ, ನೀರು ಬಾಗಿಲನ್ನು ಒತ್ತುವ ಮೊದಲೇ ಕಿಟಕಿ ಇಳಿಸಿ ಹೊರಬರಬೇಕು. ಮನೆಗೆ ನೀರು ನುಗ್ಗುವ ಸೂಚನೆ ಇದ್ದಲ್ಲಿ ವಿದ್ಯುತ್ತಿನ ಮುಖ್ಯ ಸ್ವಿಚ್ ಆರಿಸಿ, ದನಕರುಗಳ ಹಗ್ಗ ಬಿಚ್ಚಿ, ಪಹಣಿ, ಆಧಾರ್, ಬ್ಯಾಂಕ್ ಪಾಸ್ ಪುಸ್ತಕ, ಪಡಿತರ ಚೀಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಎತ್ತರದ ಸ್ಥಳಕ್ಕೆ ತೆರಳಬೇಕು. ಗಾಳಿಗೆ ತುಂಡಾಗಿ ಬಿದ್ದ ವಿದ್ಯುತ್ ತಂತಿಯನ್ನು ಯಾರೂ ಮುಟ್ಟಬಾರದು.

ಪರಿಹಾರಕ್ಕೆ ಅರ್ಜಿ ಸಲ್ಲಿಸುವ ವಿಧಾನ

ಪ್ರಕೃತಿ ವಿಕೋಪದಿಂದಾದ ಹಾನಿಗೆ ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ ಸಹಾಯಧನ ನೀಡಲು ಅವಕಾಶವಿದೆ. ಪ್ರವಾಹ, ಆಲಿಕಲ್ಲು ಮಳೆ, ಮೇಘಸ್ಫೋಟ, ಭೂಕುಸಿತಗಳು ಕೇಂದ್ರ ಸರ್ಕಾರದ ಪಟ್ಟಿಯಲ್ಲಿವೆ. 2022-23ರಿಂದ 2025-26ರ ಅವಧಿಯ ಆ ಪಟ್ಟಿಯಲ್ಲಿ ಸಿಡಿಲು ಇರಲಿಲ್ಲ. ಇಂಥ ಸ್ಥಳೀಯ ವಿಕೋಪಗಳಿಗೆ ನಿಧಿಯ ಶೇ. 10ರ ಮಿತಿಯಲ್ಲಿ ರಾಜ್ಯಗಳೇ ನೆರವು ನೀಡಲು ಅವಕಾಶ ಕಲ್ಪಿಸಲಾಗಿತ್ತು. ಅರ್ಜಿದಾರರಿಗೆ ಈ ವ್ಯತ್ಯಾಸದಿಂದ ತೊಂದರೆಯಿಲ್ಲ. ಎರಡಕ್ಕೂ ಅರ್ಜಿ ಸಲ್ಲಿಸಬೇಕಾದುದು ತಹಶೀಲ್ದಾರರ ಕಚೇರಿಗೆ.

ಸದರಿ ಅವಧಿಗೆ ಕೇಂದ್ರ ಗೃಹ ಸಚಿವಾಲಯವು ನಿಗದಿಪಡಿಸಿದ್ದ ಮಾನದಂಡಗಳ ಪ್ರಕಾರ ಮೃತರ ಕುಟುಂಬಕ್ಕೆ ₹4 ಲಕ್ಷ. ಪೂರ್ಣ ಅಥವಾ ತೀವ್ರ ಹಾನಿಗೊಳಗಾದ ಮನೆಗೆ ಬಯಲು ಪ್ರದೇಶದಲ್ಲಿ ₹1.20 ಲಕ್ಷ, ಗುಡ್ಡಗಾಡಿನಲ್ಲಿ ₹1.30 ಲಕ್ಷ, ಭಾಗಶಃ ಹಾನಿಯಾದ ಪಕ್ಕಾ ಮನೆಗೆ ₹6,500, ಕಚ್ಚಾ ಮನೆಗೆ ₹4,000, ಹಸು ಅಥವಾ ಎಮ್ಮೆಗೆ ₹37,500, ಎತ್ತಿಗೆ ₹32,000, ಕುರಿ ಮತ್ತು ಮೇಕೆಗೆ ತಲಾ ₹4,000 ನಿಗದಿಯಾಗಿತ್ತು. ಶೇ. 33 ಅಥವಾ ಹೆಚ್ಚು ಬೆಳೆ ನಷ್ಟವಾದಲ್ಲಿ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ ₹8,500, ನೀರಾವರಿ ಬೆಳೆಗೆ ₹17,000, ಬಹುವಾರ್ಷಿಕ ಬೆಳೆಗೆ ₹22,500ರಂತೆ ಗರಿಷ್ಠ 2 ಹೆಕ್ಟೇರಿಗೆ ಸೀಮಿತಗೊಳಿಸಲಾಗಿತ್ತು. ರಾಜ್ಯ ಸರ್ಕಾರವು ಕಾಲಕಾಲಕ್ಕೆ ಹೊರಡಿಸುವ ಆದೇಶಗಳಂತೆ ಹೆಚ್ಚುವರಿ ಮೊತ್ತವನ್ನು ಸೇರಿಸುವುದುಂಟು. ಅರ್ಜಿಯ ದಿನಾಂಕದಂದು ಜಾರಿಯಲ್ಲಿರುವ ದರವನ್ನು ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸತಕ್ಕದ್ದು.

ಮರಣ ಸಂಭವಿಸಿದ ಪ್ರಕರಣದಲ್ಲಿ ಪೊಲೀಸ್ ಠಾಣೆಯಲ್ಲಿ ಅಸ್ವಾಭಾವಿಕ ಮರಣ ಪ್ರಕರಣ ದಾಖಲಾಗಿ, ಮರಣೋತ್ತರ ಪರೀಕ್ಷೆ ನಡೆದಿರುವುದು ಅತಿ ಮುಖ್ಯ. ದುಃಖದಲ್ಲಿರುವ ಕುಟುಂಬದವರು ಪರೀಕ್ಷೆ ಬೇಡವೆಂದು ಅಂತ್ಯಕ್ರಿಯೆ ನೆರವೇರಿಸಿದಲ್ಲಿ, ಸಾವಿಗೆ ಸಿಡಿಲು ಅಥವಾ ಪ್ರವಾಹವೇ ಕಾರಣವೆಂದು ಆನಂತರ ಸಾಬೀತುಪಡಿಸುವುದು ಕಷ್ಟವಾಗುತ್ತದೆ. ಅರ್ಜಿಯೊಂದಿಗೆ ಪೊಲೀಸ್ ವರದಿ, ಮರಣೋತ್ತರ ಪರೀಕ್ಷಾ ವರದಿ, ಮರಣ ಪ್ರಮಾಣ ಪತ್ರ, ವಂಶವೃಕ್ಷ ಹಾಗೂ ವಾರಸುದಾರರ ಆಧಾರ್ ಮತ್ತು ಬ್ಯಾಂಕ್ ಖಾತೆಯ ವಿವರ ಇರಬೇಕು. ಜಾನುವಾರು ಸತ್ತಲ್ಲಿ ಕಳೇಬರವನ್ನು ಹೂಳುವ ಮೊದಲು ಪಶುವೈದ್ಯಾಧಿಕಾರಿಗಳಿಂದ ಪರೀಕ್ಷೆ ಮಾಡಿಸಿ ಪ್ರಮಾಣ ಪತ್ರ ಪಡೆಯತಕ್ಕದ್ದು. ಮನೆ ಹಾನಿಯ ಬಗ್ಗೆ ಗ್ರಾಮ ಆಡಳಿತ ಅಧಿಕಾರಿಗೆ ಕೂಡಲೇ ತಿಳಿಸಿ ಸ್ಥಳ ಮಹಜರು ಮಾಡಿಸಬೇಕು. ಬಿದ್ದ ಗೋಡೆಯನ್ನು ತೆರವುಗೊಳಿಸದೆ ಇರಲಾಗದ ಸಂದರ್ಭದಲ್ಲಿ ಮೊದಲು ಛಾಯಾಚಿತ್ರ ತೆಗೆದಿಟ್ಟುಕೊಳ್ಳಬೇಕು.

ಬೆಳೆ ಪರಿಹಾರವೂ ಬೆಳೆ ವಿಮೆಯೂ ಬೇರೆ ಬೇರೆ. ಒಂದಕ್ಕೆ ಅರ್ಜಿ ಕೊಟ್ಟರೆ ಮತ್ತೊಂದಕ್ಕೆ ಕೊಟ್ಟಂತಾಗುವುದಿಲ್ಲ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಡಿ ನೋಂದಾಯಿಸಿದ ರೈತರು ಆಲಿಕಲ್ಲು, ಭೂಕುಸಿತ, ಮೇಘಸ್ಫೋಟ ಅಥವಾ ಆ ಬೆಳೆಗೆ ಅನ್ವಯವಾಗುವಂತೆ ಜಲಾವೃತದಿಂದ ನಷ್ಟವಾದಲ್ಲಿ 72 ಗಂಟೆಗಳ ಒಳಗೆ ವಿಮಾ ಸಂಸ್ಥೆ, ಬ್ಯಾಂಕ್ ಅಥವಾ ಕೃಷಿ ಇಲಾಖೆಗೆ ತಿಳಿಸಬೇಕು. ವಿಮೆ ಮಾಡಿಸಿಯೂ ಈ ಗಡುವು ಮೀರಿದ್ದರಿಂದ ಹಣ ದೊರೆಯದಿರುವ ಸಂಭವವಿರುವುದರಿಂದ, ಮಳೆ ನಿಂತ ಮರುದಿನವೇ ತಿಳಿಸುವುದು ಉತ್ತಮ. ಸರ್ಕಾರದ ಬೆಳೆ ಪರಿಹಾರಕ್ಕೆ ಫ್ರೂಟ್ಸ್ ಗುರುತಿನ ಸಂಖ್ಯೆ ಮತ್ತು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಅಗತ್ಯ. ಪಹಣಿಯಲ್ಲಿ ಈಗಲೂ ಮೃತ ತಂದೆಯ ಅಥವಾ ಅಜ್ಜನ ಹೆಸರೇ ಇರುವವರು, ಮಳೆಗಾಲಕ್ಕೆ ಮೊದಲೇ ಪೌತಿ ಖಾತೆ ಮಾಡಿಸಿಕೊಳ್ಳುವುದು ಲೇಸು.

ಸಂಪರ್ಕ

ತುರ್ತು ಸಂದರ್ಭದಲ್ಲಿ ಪೊಲೀಸ್, ಅಗ್ನಿಶಾಮಕ ಮತ್ತು ಆಂಬ್ಯುಲೆನ್ಸ್ ಸೇವೆಗಳಿಗೆ 112. ಆಂಬ್ಯುಲೆನ್ಸ್‌ಗೆ ನೇರವಾಗಿ 108. ಜಿಲ್ಲಾಧಿಕಾರಿಗಳ ಕಚೇರಿಯ ನಿಯಂತ್ರಣ ಕೊಠಡಿಗೆ 1077. ವಿದ್ಯುತ್ ತಂತಿ ಅಥವಾ ಕಂಬ ಬಿದ್ದಿರುವ ಬಗ್ಗೆ 1912. ಕರೆ ಮಾಡುವವರು ಗ್ರಾಮ, ಹೋಬಳಿ ಮತ್ತು ಸಮೀಪದ ಗುರುತಿನ ಸ್ಥಳವನ್ನು ಮೊದಲು ತಿಳಿಸಬೇಕಾಗಿ ಕೋರಲಾಗಿದೆ.